ಶ್ರೀರಂಗಪಟ್ಟಣದ ಹಳೇ ಬಂದೀಖಾನೆಗಳು: ಜೈಲಿನ ಫೋಟೋ ಚೆಂದ ಕಾಣಬೇಕಾ?

ಕಮಾನಿನ ನೆರಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣ ಕೋಟೆಯ ಎರಡು ಹಳೇ ಬಂದೀಖಾನೆಗಳ ಮೇಲೆ ಒಂದು ಫೋಟೋ ಸರಣಿ ಮಾಡುತ್ತಿದ್ದೇನೆ. ಒಂದು, ರಂಗನಾಥಸ್ವಾಮಿ ದೇವಸ್ಥಾನ ದಾಟಿ ಕಾವೇರಿ ಕಡೆ ಹೋದರೆ ಸಿಗುವ ಕರ್ನಲ್ ಬೈಲಿ ಡಂಜನ್. ಇನ್ನೊಂದು ಥಾಮಸ್ ಇನ್ಮನ್ ಡಂಜನ್. ಮೊದಲನೆಯದು ಎಲ್ಲರಿಗೂ ಗೊತ್ತು, ಟೂರಿಸ್ಟ್ ಬಸ್ಸುಗಳು ನಿಲ್ಲುತ್ತವೆ. ಎರಡನೆಯದರ ಕಡೆ ತಲೆ ಹಾಕುವವರು ಕಡಿಮೆ. 1895ರಲ್ಲಿ ಇನ್ಮನ್ ಅದನ್ನು ಪತ್ತೆ ಮಾಡುವ ತನಕ ಜನ ಅದನ್ನು ಮರೆತೇ ಬಿಟ್ಟಿದ್ದರು.

ಇದು ಪತ್ರಿಕೆಗೆ ಅಲ್ಲ, ಪ್ರವಾಸದ ಜಾಹೀರಾತಿಗೂ ಅಲ್ಲ. ದೊಡ್ಡ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕು, ಜನ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನುವ ಆಸೆ.

ನನ್ನನ್ನು ಕಾಡುತ್ತಿರುವುದು ಒಂದೇ ಪ್ರಶ್ನೆ. ಬೈಲಿ ಡಂಜನ್ ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ. ಇಟ್ಟಿಗೆ, ಗಾರೆ, ಸಾಲು ಕಮಾನು, ಗೋಡೆಗೆಲ್ಲ ಸುಣ್ಣ. ಒಳಗೆ ಬೆಳಕು ಬಹಳ ಮೃದುವಾಗಿ ಹರಡುತ್ತದೆ. ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಫೋಟೋ ಚೆಂದ ಬರುತ್ತದೆ. ನೋಡಿದವರು "ಎಷ್ಟು ಶಾಂತವಾಗಿದೆ" ಅನ್ನುತ್ತಾರೆ. ಆದರೆ ಅಲ್ಲಿ ಮನುಷ್ಯರನ್ನು ಸರಪಳಿಯಲ್ಲಿ ಕಟ್ಟಿ ಹಾಕುತ್ತಿದ್ದರು. ಅಂಥ ಜಾಗವನ್ನು ಮದುವೆ ಛತ್ರದ ಫೋಟೋ ಹಾಗೆ ಚೆಂದವಾಗಿ ತೋರಿಸುವುದು ನನಗೆ ಸರಿ ಅನ್ನಿಸುತ್ತಿಲ್ಲ. ಹಾಗಂತ ಬೇಕಂತಲೇ ಕತ್ತಲು ತುಂಬಿ ಭೂತಬಂಗಲೆ ಮಾಡುವುದೂ ಸುಳ್ಳೇ ಅಲ್ವಾ?

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಗಂಜಾಂನವನು

ನಾನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಸ್ಕೂಲಿಗೆ ಹೋಗುವಾಗ ಕೋಟೆಯೇ ನಮಗೆ ಆಟದ ಮೈದಾನ. ಬೈಲಿ ಡಂಜನ್ ಒಳಗೆ ಕೂಗಿದರೆ ದನಿ ತಿರುಗಿ ಬರುತ್ತದೆ ಅಂತ ಕೂಗೋದಕ್ಕೆ ಅಂತಲೇ ಹೋಗುತ್ತಿದ್ದೆವು.

ಒಂದು ಮಾತು ಹೇಳುತ್ತೇನೆ. ಒಳಗೆ ಬಂದವರೆಲ್ಲ ಮೆಟ್ಟಿಲು ಇಳಿದ ತಕ್ಷಣ ನಿಂತುಕೊಂಡು, ಉದ್ದಕ್ಕೆ ಕಮಾನಿನ ಸಾಲು ತೆಗೆಯುತ್ತಾರೆ. ಎಲ್ಲರ ಫೋಟೋನೂ ಅದೇ. ಅದು ನೋಡೋಕೆ ಬಂದವನ ಕಣ್ಣು. ಕಟ್ಟಿ ಹಾಕಿಸಿಕೊಂಡವನು ಅಲ್ಲಿ ನಿಂತಿರಲಿಲ್ಲ. ಅವನು ಇದ್ದದ್ದು ಗೋಡೆಗೆ ಒರಗಿಕೊಂಡು. ಗೋಡೆಯಿಂದ ಹೊರಗೆ ಚಾಚಿರುವ ಕಲ್ಲುಗಳಿವೆಯಲ್ಲ, ತೂತು ಇರುವವು, ಸರಪಳಿ ಕಟ್ಟುತ್ತಿದ್ದದ್ದು ಅದಕ್ಕೇ. ಆ ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲಿ. ಅಲ್ಲಿಂದ ಏನು ಕಾಣುತ್ತದೋ ಅದನ್ನು ತೆಗೆಯಿರಿ. ಬಾಗಿಲು ಕಾಣುತ್ತಾ? ಆಕಾಶ ಎಷ್ಟು ಕಾಣುತ್ತೆ? ಎದುರಿಗೆ ಏನಿದೆ? ಬರೀ ಎದುರುಗೋಡೆ ಕಂಡರೆ ಅದನ್ನೇ ತೆಗೆಯಿರಿ. ಆ ಫೋಟೋ ಚೆಂದ ಇರದೇ ಇರಬಹುದು. ಆದರೆ ಅದು ಜೈಲಿನ ಫೋಟೋ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಬನ್ನಿ. ಬೇಸಿಗೆಯಲ್ಲಿ ಗೋಡೆ ಒಣಗಿ ಬೆಳ್ಳಗೆ ಸಪ್ಪೆಯಾಗಿರುತ್ತೆ. ಆಷಾಢದಲ್ಲಿ ಗಾರೆ ನೀರು ಕುಡಿದು ತಣ್ಣಗೆ ಬೆವರಿದ ಹಾಗಿರುತ್ತೆ. ಗೋಡೆ ಬುಡದಲ್ಲಿ ಹಸಿರು ಪಾಚಿ ಏರುತ್ತೆ. ಸುಣ್ಣ ಎದ್ದ ಕಡೆ ಹತ್ತಿರ ಹೋಗಿ ನೋಡಿ. ಪದರದ ಮೇಲೆ ಪದರ. ಯಾರ್ಯಾರ ಕಾಲದಲ್ಲಿ ಎಷ್ಟು ಸಲ ಬಳಿದಿದ್ದಾರೋ. ಕಲ್ಲಿನ ತೂತಿನ ಅಂಚಿಗೂ ಸುಣ್ಣ ಮೆತ್ತಿಕೊಂಡು ಅಂಚೇ ಮೊಂಡಾಗಿದೆ. ಇದು ಕಾಣಬೇಕು ಅಂದರೆ ಪಕ್ಕದಿಂದ ಬೆಳಕು ಬೀಳೋ ಹೊತ್ತಿಗೆ ಕಾದು ಕೂರಬೇಕು. ಬೇರೆ ದಾರಿ ಇಲ್ಲ.

ಕತ್ತಲೆ ಕೋಣೆ

ಗಂಜಾಂ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫಿಲ್ಮ್‌ನಲ್ಲಿ ಕೆಲಸ ಮಾಡುವವನು, ಪ್ರಿಂಟ್ ಕೂಡ ನಾನೇ ಮಾಡುತ್ತೇನೆ. ತಾಂತ್ರಿಕ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಈ ಜಾಗದಲ್ಲಿ ಚೆಂದ-ಅಂದದ ಪ್ರಶ್ನೆಯ ಅರ್ಧ ಉತ್ತರ ಎಕ್ಸ್‌ಪೋಷರ್‌ನಲ್ಲೇ, ಅಂದರೆ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡುತ್ತೀರಿ ಅನ್ನುವುದರಲ್ಲೇ ಇದೆ.

ಸುಣ್ಣದ ಗೋಡೆ ಬೆಳಕು ಅಳೆಯುವ ಕ್ಯಾಮೆರಾ ಮೀಟರ್‌ಗೆ ಮೋಸ ಮಾಡುತ್ತದೆ. ಮೀಟರ್ ಯಾವುದನ್ನು ನೋಡಿದರೂ ನಡು ಬೂದು ಅಂತಲೇ ತಿಳಿಯುತ್ತದೆ. ಬಿಳಿ ಗೋಡೆ ತೋರಿಸಿದರೆ ಅದನ್ನೂ ಬೂದು ಮಾಡಿ ಕೊಡುತ್ತದೆ. ಆಗ ಫೋಟೋ ಮಂಕಾಗಿ ಬರುತ್ತದೆ, ಜನ ಅದನ್ನೇ "ವಾತಾವರಣ" ಅಂದುಕೊಳ್ಳುತ್ತಾರೆ. ನಿಜವಾದ ಗೋಡೆ ಬೇಕಂದರೆ ಗೋಡೆಗೆ ಸ್ಪಾಟ್ ಮೀಟರ್ (ಒಂದು ಚಿಕ್ಕ ಜಾಗದ ಬೆಳಕು ಮಾತ್ರ ಅಳೆಯುವುದು) ಹಿಡಿದು, ಅಲ್ಲಿಂದ ಒಂದೂವರೆಯಿಂದ ಎರಡು ಸ್ಟಾಪ್ ಜಾಸ್ತಿ ಕೊಡಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು). ಸುಣ್ಣ ಸುಣ್ಣದ ಹಾಗೇ ಕಾಣುತ್ತದೆ, ಅದರ ಒರಟು ಮೈಯೂ ಉಳಿಯುತ್ತದೆ.

ಆಮೇಲೆ ಬಾಗಿಲು. ಹೊರಗಿನ ಬಿಸಿಲಿಗೂ ಒಳಗಿನ ಮೂಲೆಗೂ ಹತ್ತು ಸ್ಟಾಪ್‌ಗಿಂತ ಜಾಸ್ತಿ ವ್ಯತ್ಯಾಸ ಬರಬಹುದು. ಎಲ್ಲರೂ ಒಂದೇ ದೃಶ್ಯವನ್ನು ಕಡಿಮೆ, ಜಾಸ್ತಿ ಎಕ್ಸ್‌ಪೋಷರ್‌ನಲ್ಲಿ ಹಲವು ಸಲ ತೆಗೆದು (ಬ್ರಾಕೆಟಿಂಗ್), ಒಂದೇ ಫೋಟೋ ಆಗಿ ಸೇರಿಸಿ (ಎಚ್‌ಡಿಆರ್), ಹೊರಗಿನ ಹುಲ್ಲೂ ಒಳಗಿನ ಮೂಲೆಯೂ ಒಂದೇ ಸಮ ಕಾಣುವಂತೆ ಮಾಡುತ್ತಾರೆ. ದಯವಿಟ್ಟು ಬೇಡ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಬಾಗಿಲು ಬೆಂಕಿಯ ಹಾಗೆ ಉರಿಯುತ್ತದೆ. ಹೊರಗೆ ಏನಿದೆ ಅಂತ ಕಾಣುವುದೇ ಇಲ್ಲ. ಬಾಗಿಲು ಪೂರ್ತಿ ಬಿಳಿಯಾಗಿ ಸುಟ್ಟು ಹೋಗಲಿ ಬಿಡಿ. ಒಳಗಿದ್ದವನಿಗೆ ಹೊರಗಿನ ಲೋಕ ಹಾಗೇ ಇತ್ತು.

ಬಣ್ಣದಲ್ಲಿ ತೆಗೆಯುವುದಾದರೆ ಒಂದು ಎಚ್ಚರಿಕೆ. ಹೊರಗಿನ ಹುಲ್ಲು, ಮರಗಳಿಂದ ತಿರುಗಿ ಬರುವ ಬೆಳಕು ಸುಣ್ಣಕ್ಕೆ ತೆಳು ಹಸಿರು ಛಾಯೆ ಹಚ್ಚುತ್ತದೆ. ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಾಳೆ) ಇಟ್ಟು ಒಂದು ಫ್ರೇಮ್ ತೆಗೆದುಕೊಳ್ಳಿ. ಆಮೇಲೆ ಹಸಿರು ಉಳಿಸುವುದೋ ತೆಗೆಯುವುದೋ ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಸ್ವಲ್ಪ ಉಳಿಸುತ್ತಿದ್ದೆ.

ಫಿಲ್ಮ್ ಇಷ್ಟ ಇದ್ದರೆ ಲೆಕ್ಕ ಬೇರೆ. ಎಚ್‌ಪಿ5 ಅನ್ನುವ ಕಪ್ಪು ಬಿಳುಪು ಫಿಲ್ಮ್‌ನಲ್ಲಿ ಮೀಟರ್ 10 ಸೆಕೆಂಡ್ ಅಂದರೆ ನೀವು 20 ಕೊಡಬೇಕು. 30 ಅಂದರೆ ಹೆಚ್ಚು ಕಮ್ಮಿ 85. ಮಂದ ಬೆಳಕಿನಲ್ಲಿ ಫಿಲ್ಮ್ ಸೋಮಾರಿಯಾಗುತ್ತದೆ. ಆದರೆ ಆ ಒಂದೂವರೆ ನಿಮಿಷ ಅಲ್ಲಾಡದೆ ನಿಂತು ಗೋಡೆ ನೋಡುತ್ತೀರಲ್ಲ, ಅದರಿಂದ ಮುಂದಿನ ಫ್ರೇಮ್ ಬದಲಾಗುತ್ತದೆ. ಇದು ನನ್ನ ಅನುಭವ.

ಪಾಂಡವಪುರ ಪ್ಯಾಸೆಂಜರ್

ನನ್ನದು ಬೇರೆ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ.

ನೀವೆಲ್ಲ ಗೋಡೆ, ಸುಣ್ಣ, ಪಾಚಿ ಅನ್ನುತ್ತಿದ್ದೀರಿ. ನೋಡುವವರಿಗೆ ನೋವು ತಟ್ಟಬೇಕಲ್ವಾ? ಖಾಲಿ ಗೋಡೆ ನೋಡಿ ಯಾರಿಗೆ ಏನು ತಟ್ಟುತ್ತೆ? ಒಬ್ಬ ಮಾಡೆಲ್ ಕರೆದುಕೊಂಡು ಹೋಗಿ, ಹರಿದ ಬಟ್ಟೆ, ಕೈಗೆ ಸರಪಳಿ, ಮೇಲಿಂದ ಒಂದು ಲೈಟ್. ಕಪ್ಪು ಬಿಳುಪು, ಕಾಂಟ್ರಾಸ್ಟ್ ಜಾಸ್ತಿ. ಜನಕ್ಕೆ ಒಂದೇ ಸಲಕ್ಕೆ ಅರ್ಥ ಆಗುತ್ತೆ. ಫೈನ್ ಆರ್ಟ್ ಅಂದರೆ ಅರ್ಥ ಆಗಬಾರದು ಅಂತೇನೂ ಇಲ್ಲವಲ್ಲ.

ಚರಿತ್ರೆ ಟೀಚರ್, ಮಂಡ್ಯ

ಪಾಂಡವಪುರದ ಸಹೋದರರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನೋವು ತಟ್ಟಬೇಕು, ಒಪ್ಪಿದೆ. ಆದರೆ ಯಾರ ನೋವು? ಅಲ್ಲಿದ್ದವರು ನಿಜವಾದ ಮನುಷ್ಯರು, ಅವರಲ್ಲಿ ಕೆಲವರ ಹೆಸರೂ ನಮಗೆ ಗೊತ್ತು. ಅವರ ಜಾಗದಲ್ಲಿ ಮಾಡೆಲ್ ನಿಲ್ಲಿಸಿದರೆ ನಾಟಕ ಆಗುತ್ತದೆ. ಸ್ವಲ್ಪ ಚರಿತ್ರೆ ಹೇಳುತ್ತೇನೆ, ಫೋಟೋ ತೆಗೆಯುವವರಿಗೂ ಉಪಯೋಗಕ್ಕೆ ಬರಬಹುದು.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದರು. ಆ ಸೈನ್ಯದ ನಾಯಕ ಕರ್ನಲ್ ವಿಲಿಯಂ ಬೈಲಿ. ಗಾಯಗೊಂಡು ಸೆರೆ ಸಿಕ್ಕಿದ. 1782ರ ನವೆಂಬರ್‌ನಲ್ಲಿ ಸೆರೆಯಲ್ಲೇ ಸತ್ತ. ಅದೇ ಯುದ್ಧದಲ್ಲಿ ಡೇವಿಡ್ ಬೇರ್ಡ್ ಅನ್ನುವ ಕ್ಯಾಪ್ಟನ್ ಕೂಡ ಸಿಕ್ಕಿಬಿದ್ದ. 1784ರ ಮಂಗಳೂರು ಒಪ್ಪಂದದ ನಂತರವೇ ಅವನಿಗೆ ಬಿಡುಗಡೆ. ಹದಿನೈದು ವರ್ಷ ಕಳೆದು, 1799ರ ಮೇ 4ರಂದು ಇದೇ ಕೋಟೆಯ ಒಡೆದ ಗೋಡೆಯಿಂದ ಒಳನುಗ್ಗಿದ ಸೈನ್ಯದ ಮುಂದೆ ಇದ್ದವನು ಅದೇ ಬೇರ್ಡ್. ಟಿಪ್ಪು ಸತ್ತದ್ದು ಅವತ್ತೇ. ಸೆರೆಯಾಳಾಗಿದ್ದ ಊರಿಗೆ ಗೆದ್ದವನಾಗಿ ಬಂದ.

ಈಗ ಒಂದು ಕೆಲಸ ಮಾಡಿ. ಬೈಲಿ ಡಂಜನ್ ನೋಡಿದ ದಿನವೇ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೂ ಹೋಗಿ. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಕಂಪನಿ ಸೈನಿಕರು ಚೌಕಾಕಾರ ಕಟ್ಟಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಕೂತಿರುವವನೇ ಬೈಲಿ, ಬೆರಳು ಕಚ್ಚಿಕೊಂಡಿದ್ದಾನೆ. ಅಲ್ಲಿಂದ ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಕಡೆ ಹೋದರೆ ಬೈಲಿಯ ನೆನಪಿಗೆ 1816ರಲ್ಲಿ ಕಟ್ಟಿಸಿದ ಸ್ಮಾರಕ ಇದೆ. ಕಟ್ಟಿಸಿದ್ದು ಅವನ ಅಣ್ಣನ ಮಗನೋ ತಮ್ಮನ ಮಗನೋ, ಅಂತೂ ಸಂಬಂಧಿಕ, ಲಖನೌನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದವನು. ಒಂದೇ ಊರಿನಲ್ಲಿ ಒಬ್ಬನೇ ಮನುಷ್ಯ ಮೂರು ಕಡೆ: ಗೆದ್ದವರು ಬರೆಸಿದ ಚಿತ್ರದಲ್ಲಿ, ಬಂದೀಖಾನೆಯ ಹೆಸರಿನಲ್ಲಿ, ಬಂಧುಗಳು ನಿಲ್ಲಿಸಿದ ಕಲ್ಲಿನಲ್ಲಿ. ನಿಮ್ಮ ಸರಣಿಯಲ್ಲಿ ಈ ಮೂರೂ ಪಕ್ಕ ಪಕ್ಕ ಬಂದರೆ ಮಾಡೆಲ್ ಯಾಕೆ ಬೇಕು?

ಇನ್ನೂ ಒಂದು ವಿಷಯ. ಆಗ ಕೈದಿಗಳನ್ನು ಇಬ್ಬಿಬ್ಬರಂತೆ ಜೋಡಿಸಿ ಸರಪಳಿ ಹಾಕುತ್ತಿದ್ದರು. ಬೇರ್ಡ್‌ನ ತಾಯಿಗೆ ಸುದ್ದಿ ಮುಟ್ಟಿದಾಗ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ ಪಾಪ ಅಂದಳಂತೆ. ಮಗ ಎಂಥ ಮುಂಗೋಪಿ ಅಂತ ತಾಯಿಗಲ್ಲದೆ ಇನ್ಯಾರಿಗೆ ಗೊತ್ತು!

ಕಡೆಯದಾಗಿ ಶೀರ್ಷಿಕೆಗಳ ಬಗ್ಗೆ. ಗೈಡ್‌ಗಳು ಹೇಳುವ ಕಥೆಗಳು ಜಾಸ್ತಿ. ಕುತ್ತಿಗೆ ತನಕ ನದಿ ನೀರು ಬಿಡುತ್ತಿದ್ದರು ಅನ್ನುತ್ತಾರೆ. ನೆಲದ ಮೇಲಿರುವ ಫಿರಂಗಿ 1799ರ ಮುತ್ತಿಗೆಯಲ್ಲಿ ಮೇಲಿನ ಬತೇರಿಯಿಂದ ಛಾವಣಿ ಒಡೆದುಕೊಂಡು ಬಿತ್ತು ಅನ್ನುತ್ತಾರೆ. ಬಳಸಿಕೊಳ್ಳಿ, ಆದರೆ "ಅನ್ನುತ್ತಾರೆ" ಅಂತಲೇ ಬರೆಯಿರಿ. ಫೋಟೋ ಕೆಳಗೆ ಅಚ್ಚಾದದ್ದನ್ನು ಮಕ್ಕಳು ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ, ನಾನು ಪೇಪರ್ ತಿದ್ದುವವಳು.

ಗಂಜಾಂನವನು

ಮೇಡಂ, ಒಂದು ಸೇರಿಸಲಾ? ಹೆಸರು ಉಳಿದಿರೋದು ಆಫೀಸರ್‌ಗಳದ್ದು ಮಾತ್ರ. ಬೈಲಿ, ಬೇರ್ಡ್, ಬ್ರೈತ್‌ವೇಟ್, ಲಿಂಡ್ಸೆ. ಕಂಪನಿ ಪಡೆಯಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಬೇಕಾದಷ್ಟು ಜನ ಇದ್ದರು. ಅವರೂ ಸೆರೆ ಸಿಕ್ಕಿದರು. ಅವರ ಹೆಸರಿನ ಡಂಜನ್ ಯಾವುದೂ ಇಲ್ಲ.

ಚರಿತ್ರೆ ಟೀಚರ್, ಮಂಡ್ಯ

ಖಂಡಿತ ಸೇರಿಸಬೇಕು. ಬದುಕಿ ವಾಪಸ್ ಹೋಗಿ ಬರೆದವರ ಕಥೆಯಷ್ಟೇ ನಮಗೆ ಸಿಕ್ಕಿದೆ. ಜೇಮ್ಸ್ ಸ್ಕರಿ ಅನ್ನುವ ಹುಡುಗ ಹಡಗಿನಲ್ಲಿದ್ದವನು. 1782ರಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ತನ್ನ ಕೈದಿಗಳನ್ನು ಹೈದರ್‌ಗೆ ಒಪ್ಪಿಸಿದಾಗ ಇವನೂ ಅವರಲ್ಲಿ ಒಬ್ಬ. ಇಲ್ಲೇ ಸುಮಾರು ಹತ್ತು ವರ್ಷ ಇದ್ದ. ಅವನ ನೆನಪುಗಳು 1824ರಲ್ಲಿ ಅಚ್ಚಾದವು. ಬರೆಯಲು ಬಾರದ ಸಿಪಾಯಿಯ ನೆನಪು ಎಲ್ಲಿ ಅಚ್ಚಾಗಬೇಕು? ಖಾಲಿ ಗೋಡೆಯ ಫೋಟೋಗೆ ಬೆಲೆ ಬರುವುದೇ ಇಲ್ಲಿ ಅನ್ನಿಸುತ್ತೆ ನನಗೆ.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, 1938ರಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಮಾಡಿ ಬಂಧನಕ್ಕೆ ಒಳಗಾದವರು ಇದೇ ಮಣ್ಣಿನವರು. ಸೆರೆಮನೆ ಅಂದರೆ ಬರೀ ಟಿಪ್ಪು ಕಾಲದ್ದಲ್ಲ ಅಂತ ನೆನಪಿರಲಿ. ಅದು ಬೇರೆಯೇ ಸರಣಿ ಆಗಬಹುದು.

ಪಾಂಡವಪುರ ಪ್ಯಾಸೆಂಜರ್

ಸರಿ ಮೇಡಂ. ಮಾಡೆಲ್ ವಿಷಯ ವಾಪಸ್ ತೆಗೆದುಕೊಂಡೆ. ಆದರೆ ಕಪ್ಪು ಬಿಳುಪು ವಿಷಯದಲ್ಲಿ ನನ್ನ ಮಾತು ಬಿಡಲ್ಲ! ಬಣ್ಣ ಇದ್ದರೆ ಕಣ್ಣು ಮೊದಲು ಪ್ರವಾಸಿಗರ ಅಂಗಿ, ಪುರಾತತ್ವ ಇಲಾಖೆಯ ಬೋರ್ಡು, ಹುಲ್ಲು ಇವುಗಳ ಕಡೆ ಹೋಗುತ್ತೆ.

ಕಮಾನಿನ ನೆರಳು, ಮೈಸೂರು

ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಇಬ್ಬಿಬ್ಬರನ್ನು ಜೋಡಿಸಿ ಕಟ್ಟುತ್ತಿದ್ದರು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಪ್ರಿಂಟ್‌ಗಳನ್ನೂ ಜೋಡಿಯಾಗಿಯೇ ತೂಗುಹಾಕಿದರೆ ಹೇಗೆ? ಎಡಕ್ಕೆ ಕಲ್ಲು, ಬಲಕ್ಕೆ ಆ ಕಲ್ಲಿಗೆ ಒರಗಿದವನಿಗೆ ಕಾಣುವುದು. ಎರಡೂ ಒಂದೇ ಎತ್ತರದಲ್ಲಿ, ಒಂದೇ ಲೆನ್ಸ್‌ನಲ್ಲಿ. 24 ಎಂಎಂ ಬಿಟ್ಟು 50 ಎಂಎಂ ಹಾಕೋಣ ಅಂತಿದ್ದೇನೆ. ವೈಡ್ ಲೆನ್ಸ್ ಹಾಕಿದರೆ ಕೋಣೆ ಸಭಾಂಗಣದ ಹಾಗೆ ಹಿಗ್ಗಿ ಕಾಣುತ್ತೆ, ಇದ್ದದ್ದಕ್ಕಿಂತ ಜಾಸ್ತಿ ಉಸಿರಾಡೋಕೆ ಜಾಗ ಇದ್ದ ಹಾಗೆ.

ಎರಡು ಸಂದೇಹ ಉಳಿದಿವೆ. ಒಂದು, ಅಲ್ಲಿ ಟ್ರೈಪಾಡ್ ಬಿಡುತ್ತಾರಾ? ಇನ್ನೊಂದು, ಗೋಡೆ ಮೇಲೆ ಜನ ಗೀಚಿದ ಹೆಸರುಗಳು, ಹೃದಯದ ಗುರುತುಗಳು. ಫೋಟೋಶಾಪ್‌ನಲ್ಲಿ ಅಳಿಸಬೇಕಾ, ಉಳಿಸಬೇಕಾ?

ನದಿ ದಂಡೆ

ಮೊದಲನೆಯದಕ್ಕೆ ನಾನು ಉತ್ತರಿಸಬಲ್ಲೆ, ಸಾಕ್ಷ್ಯಚಿತ್ರಗಳಿಗೆ ಅನುಮತಿ ತರುವುದೇ ನನ್ನ ಕೆಲಸ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕೈಯಲ್ಲಿ ಹಿಡಿದು ಸ್ಟಿಲ್ ಫೋಟೋ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ಲೈಟ್ ಅಂದರೆ ಮುಂಚಿತವಾಗಿ ಅನುಮತಿ ಬೇಕು. ಬೆಂಗಳೂರು ವೃತ್ತದ ಅಧೀಕ್ಷಕ ಪುರಾತತ್ವವಿದರಿಗೆ ಅರ್ಜಿ ಕೊಡಿ. ಏನು ತೆಗೆಯುತ್ತೀರಿ, ಯಾಕೆ, ಯಾವ ದಿನ, ಎಷ್ಟು ಜನ ಬರುತ್ತೀರಿ, ಸಾಮಾನು ಏನೇನು, ಎಲ್ಲ ಒಂದೇ ಪುಟದಲ್ಲಿ ಬರಲಿ. ಮಾರಾಟಕ್ಕೆ ಇಡುವ ಯೋಚನೆ ಇದ್ದರೆ ಅದನ್ನೂ ಮೊದಲೇ ಬರೆದುಬಿಡಿ. ಡ್ರೋನ್ ಅಂತೂ ಮನಸ್ಸಿನಿಂದಲೇ ತೆಗೆದುಹಾಕಿ.

ಅನುಮತಿ ಬರುವ ತನಕ ಸುಮ್ನೆ ಕೂರಬೇಕಿಲ್ಲ. ಬಟ್ಟೆ ಚೀಲಕ್ಕೆ ಹುರುಳಿಕಾಳು ತುಂಬಿಕೊಂಡು ಹೋಗಿ. ನೆಲದ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿದರೆ ಎರಡು ಸೆಕೆಂಡಿನ ಎಕ್ಸ್‌ಪೋಷರ್ ಕೂಡ ಅಲುಗದೆ ಬರುತ್ತದೆ. ಫಿರಂಗಿ ಮೇಲೆ, ಆ ತೂತಿನ ಕಲ್ಲುಗಳ ಮೇಲೆ ಮಾತ್ರ ಏನನ್ನೂ ಇಡಬೇಡಿ.

ಗೀಚುವುದರ ಬಗ್ಗೆ ಕಾನೂನು ಹೇಳಿಬಿಡುತ್ತೇನೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ, ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಕತ್ತಲೆ ಕೋಣೆ

ಗೀಚಿದ್ದನ್ನು ಅಳಿಸಬೇಡಿ. ಅಳಿಸಿದರೆ ಆ ಗೋಡೆಗೆ ಆಗಿರುವುದನ್ನು ನೀವೇ ಮುಚ್ಚಿಟ್ಟ ಹಾಗೆ. ಸರಪಳಿ ಕಟ್ಟಿದ ಕಲ್ಲಿನ ಪಕ್ಕ ಮೊಳೆಯಿಂದ ಹೃದಯ ಕೆತ್ತಿದವನಿಗೆ ತಾನು ಎಲ್ಲಿ ನಿಂತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಫೋಟೋ ನೋಡಿದವರಿಗೂ ಉರಿಯಲಿ.

ನದಿ ದಂಡೆ

ಉಳಿಸಿ, ಆದರೆ ಪೂರ್ತಿ ಹೆಸರು ಓದುವ ಹಾಗೆ ಹತ್ತಿರದಿಂದ ಬೇಡ. ಯಾವನೋ ಹುಡುಗ ಹದಿನಾರನೇ ವಯಸ್ಸಿನಲ್ಲಿ ಗೀಚಿದ್ದು ಗ್ಯಾಲರಿಯಲ್ಲಿ ಎರಡಡಿ ಪ್ರಿಂಟ್ ಆಗಿ ತೂಗಬಾರದು. ಜತೆಗೆ, ಹೆಸರು ದೊಡ್ಡದಾಗಿ ಕಂಡರೆ ಇನ್ನೂ ನಾಲ್ಕು ಜನಕ್ಕೆ ಗೀಚುವ ಹುಮ್ಮಸ್ಸು ಬರುತ್ತೆ. ಓರೆ ಬೆಳಕಿನಲ್ಲಿ ಗಾಯ ಕಾಣಲಿ, ಅಕ್ಷರ ಕಾಣದಿರಲಿ.

ಕತ್ತಲೆ ಕೋಣೆ

ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಪ್ರಿಂಟ್ ಬಗ್ಗೆ ಕೇಳದಿದ್ದರೂ ಹೇಳುತ್ತೇನೆ. 24 ಮೆಗಾಪಿಕ್ಸೆಲ್ ಫೈಲ್ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 20 ಇಂಚು ಅಗಲಕ್ಕೆ ಆರಾಮಾಗಿ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಜೋಡಿ ಪ್ರಿಂಟ್‌ಗಳ ಮುಂದೆ ಒಬ್ಬರೇ ಹತ್ತಿರ ನಿಂತು ನೋಡುವಂತಿರಬೇಕು. ಕಾಗದ ಹೊಳಪಿಲ್ಲದ ಹತ್ತಿಯದ್ದು, 300 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ತೂಕ) ಆಸುಪಾಸು. ಬರೈಟಾ ಅನ್ನುವ ಹೊಳಪಿನ ಕಾಗದದಲ್ಲಿ ಕಪ್ಪು ಇನ್ನೂ ಆಳವಾಗಿ ಬರುತ್ತದೆ, ನಿಜ. ಆದರೆ ಈ ಸರಣಿಯ ಜೀವ ಕಪ್ಪಿನಲ್ಲಿಲ್ಲ, ಸುಣ್ಣದಲ್ಲಿದೆ. ಮ್ಯಾಟ್ ಹತ್ತಿ ಕಾಗದದ ಒರಟು ಬಿಳುಪಿಗೆ ಸುಣ್ಣದ ಗೋಡೆ ಚೆನ್ನಾಗಿ ಕೂರುತ್ತದೆ. ಪಾಂಡವಪುರದವರ ಮಾತಿನಂತೆ ಬೈಲಿ ಡಂಜನ್ ಕಪ್ಪು ಬಿಳುಪಿನಲ್ಲಿ ಮಾಡಿ, ಪಾಚಿಯ ಒಂದೆರಡು ಫ್ರೇಮ್ ಮಾತ್ರ ಬಣ್ಣದಲ್ಲಿ ಇಟ್ಟು ನೋಡಿ. ಗಾಜು ಹಾಕಿಸಬೇಡಿ, ಎದುರಿನ ಟ್ಯೂಬ್‌ಲೈಟ್ ಅದರಲ್ಲೇ ಕಾಣುತ್ತೆ.

ಚರಿತ್ರೆ ಟೀಚರ್, ಮಂಡ್ಯ

ನನ್ನದೊಂದು ಕೋರಿಕೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಅಕ್ಷರ ದೊಡ್ಡದಿರಲಿ. ಕಲಾಮಂದಿರದ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದರೂ ಸರಿ, ಆಮೇಲೆ ಒಂದು ವಾರ ಮಂಡ್ಯ ಅಥವಾ ಶ್ರೀರಂಗಪಟ್ಟಣದ ಯಾವುದಾದರೂ ಶಾಲೆಯ ಸಭಾಂಗಣಕ್ಕೂ ತನ್ನಿ. ಮಕ್ಕಳು ಫೋಟೋ ನೋಡಿ, ಅದೇ ದಿನ ಜಾಗಕ್ಕೂ ಹೋಗಿ ಬರಬಹುದು. ಬಸ್ ವ್ಯವಸ್ಥೆ ನಾನು ಮಾಡುತ್ತೇನೆ.

ಕಮಾನಿನ ನೆರಳು, ಮೈಸೂರು

ಖಂಡಿತ ತರುತ್ತೇನೆ ಮೇಡಂ. ಶೀರ್ಷಿಕೆಗಳನ್ನು ಅಚ್ಚಿಗೆ ಕಳಿಸುವ ಮುಂಚೆ ನಿಮಗೇ ಕಳಿಸುತ್ತೇನೆ, ತಿದ್ದಿಕೊಡಿ. ಅರ್ಜಿ ಇವತ್ತೇ ಬರೆಯಲು ಕೂರುತ್ತೇನೆ. ಗಂಜಾಂ ಅಣ್ಣ, ಇನ್ಮನ್ ಡಂಜನ್‌ಗೆ ಒಬ್ಬನೇ ಹೋಗೋಕೆ ಮನಸ್ಸಾಗುತ್ತಿಲ್ಲ. ಒಂದು ದಿನ ಜೊತೆಗೆ ಬರುತ್ತೀರಾ?

ಗಂಜಾಂನವನು

ಬರ್ತೀನಿ. ಶನಿವಾರ, ಭಾನುವಾರ ಬೇಡ, ದೇವಸ್ಥಾನದ ಜನ ಜಾಸ್ತಿ ಇರುತ್ತಾರೆ, ಗಾಡಿ ನಿಲ್ಲಿಸೋಕೂ ಜಾಗ ಸಿಗಲ್ಲ. ವಾರದ ನಡುವೆ, ಒಂದು ಮಳೆ ಸುರಿದ ಮಾರನೇ ದಿನ ಬೆಳಿಗ್ಗೆ ಬನ್ನಿ. ಗೋಡೆ ಇನ್ನೂ ಒದ್ದೆ ಇರುತ್ತೆ. ಕಾಲಿಗೆ ಜಾರದ ಚಪ್ಪಲಿ ಹಾಕಿಕೊಳ್ಳಿ, ಒಂದು ಟಾರ್ಚ್ ಇರಲಿ. ಹುರುಳಿಕಾಳು ನಮ್ಮ ಮನೆಯಲ್ಲೇ ಇದೆ, ತರಬೇಡಿ.